ಬಾಡಿಗೆಯ ಗಣಕಬಲ ಮತ್ತು ಗ್ರಾಮೀಣ ವಿದ್ಯಾಸಂಸ್ಥೆ

ತುಂಗಭದ್ರಾ ಎಡದಂಡೆ ನಾಲೆಯ ಗೇಟನ್ನು ಎಷ್ಟು ಎತ್ತಿದರೆ ಸಿಂಧನೂರು ಸೀಮೆಯ ಕೊನೆಭಾಗದ ಹೊಲಕ್ಕೆ ಎಷ್ಟು ನೀರು ತಲುಪೀತು? ನಾಲೆಯನ್ನು ಮುಟ್ಟದೆಯೇ ಇದನ್ನು ಗಣಕಯಂತ್ರದಲ್ಲಿ ಲೆಕ್ಕಹಾಕಿ ತೋರಿಸುವ ಸಾಧನವೇ ಸಿಮ್ಯುಲೇಷನ್, ಅರ್ಥಾತ್ ಅನುಕರಣ ತಂತ್ರಾಂಶ.

ಹಿಂದೆ ಇದಕ್ಕಾಗಿ ಬಲವಾದ ಯಂತ್ರವನ್ನೂ ದುಬಾರಿ ಪರವಾನಗಿಯನ್ನೂ ಕೊಳ್ಳಬೇಕಾಗಿತ್ತು. ಕ್ಲೌಡ್ ಪದ್ಧತಿಯಲ್ಲಿ ಯಂತ್ರವು ದೂರದ ಕೇಂದ್ರದಲ್ಲಿರುತ್ತದೆ. ಬಳಸುವವನಿಗೆ ಸಾಧಾರಣ ಗಣಕವೂ ಅಂತರ್ಜಾಲವೂ ಸಾಕು. ಇದರ ವ್ಯವಹಾರ ಕ್ರಮಗಳು ಮುಖ್ಯವಾಗಿ ನಾಲ್ಕು. ಮೊದಲನೆಯದು ವಾರ್ಷಿಕ ಚಂದಾ. ಎರಡನೆಯದು ಬಾಡಿಗೆ ಟ್ರ್ಯಾಕ್ಟರಿನಂತೆ ಬಳಸಿದ ಗಂಟೆಗಳಿಗೆ ಮಾತ್ರ ಶುಲ್ಕ. ಮೂರನೆಯದು ಜರ್ಮನಿಯ ಸಿಮ್‌ಸ್ಕೇಲ್ ಸಂಸ್ಥೆ ಅನುಸರಿಸಿದ ಕ್ರಮ: ತಮ್ಮ ಕೆಲಸವನ್ನು ಎಲ್ಲರಿಗೂ ಕಾಣುವಂತೆ ಇಡಲೊಪ್ಪಿದವರಿಗೆ ಉಚಿತ, ಗೋಪ್ಯವಾಗಿಡಬೇಕೆನ್ನುವವರಿಗೆ ಶುಲ್ಕ. ನಾಲ್ಕನೆಯದು ಸರ್ಕಾರದ ಧನದಿಂದ ನಡೆಯುವುದು. ಐ.ಐ.ಟಿ. ದೆಹಲಿಯ ನೇತೃತ್ವದಲ್ಲಿ ರೂಪುಗೊಂಡ, ಸುರತ್ಕಲ್ಲಿನ ಎನ್.ಐ.ಟಿ.ಕೆ. ಸಹ ಭಾಗವಹಿಸಿದ ‘ವರ್ಚುವಲ್ ಲ್ಯಾಬ್ಸ್’ ಯೋಜನೆ ಇದಕ್ಕೆ ನಿದರ್ಶನ.

ಗೊರೇಬಾಳದಂತಹ ಗ್ರಾಮಗಳ ಶಾಲೆಗಳಿಗೆ ನಾಲ್ಕನೆಯದೇ ಮೊದಲ ಮೆಟ್ಟಿಲು. ಆದರೆ ಉಚಿತವೆಂಬುದು ವೆಚ್ಚರಹಿತವಲ್ಲ; ವಿದ್ಯುತ್ತು, ಅಂತರ್ಜಾಲ, ತರಬೇತಾದ ಶಿಕ್ಷಕರು ಬೇಕೇಬೇಕು. ಚಂದಾ ನಿಂತರಂತೂ ವಿದ್ಯಾರ್ಥಿಯ ಕೆಲಸವೇ ಕೈತಪ್ಪಬಹುದು. ಆದುದರಿಂದ ಪ್ರತಿಯೊಂದನ್ನೂ ಶಾಲೆಯಲ್ಲಿ ಉಳಿಸಿಟ್ಟುಕೊಳ್ಳುವುದು ಕ್ಷೇಮ.

ದಾನಿಗಳು ಗಮನಿಸಬೇಕಾದ ಅಂಶವೊಂದುಂಟು. ಕೊಠಡಿಗೆ ಒಮ್ಮೆ ಕೊಟ್ಟರೆ ಅದು ನಿಲ್ಲುತ್ತದೆ. ಬಾಡಿಗೆಯ ಗಣಕಬಲವಾದರೋ ವರ್ಷವರ್ಷವೂ ಹಣ ಬೇಡುತ್ತದೆ. ಇದಕ್ಕೆ ಒಮ್ಮೆಯ ದೇಣಿಗೆಗಿಂತ ಬಡ್ಡಿಯಿಂದ ನಡೆಯುವ ದತ್ತಿನಿಧಿಯೇ ಸೂಕ್ತ. ದಾಸೋಹವೆಂದರೆ ಒಂದು ದಿನದ ಊಟವಲ್ಲ, ಒಲೆ ಆರದಂತೆ ಕಾಯುವ ಕಾಯಕ. ಜ್ಞಾನ ದಾಸೋಹಕ್ಕೂ ಈ ಮಾತು ಸಲ್ಲುತ್ತದೆ.