ಮೊದಲು ರ‍್ಯಾಮ್, ಆಮೇಲೆ ಯುಪಿಎಸ್

ಹೊಸ ಕಂಪ್ಯೂಟರ್ ಖಂಡಿತ ಬೇಡ. ಮಗಳ ಓದಿಗೆ ನಿಮ್ಮ ಹಳೇ ಐ5 ಯಂತ್ರವೇ ಧಾರಾಳ. ಕೊರತೆ ಇರುವುದು 8 ಜಿಬಿ ರ‍್ಯಾಮ್‌ನಲ್ಲಿ. ವಿಂಡೋಸೇ ಅರ್ಧ ನುಂಗಿದ ಮೇಲೆ ಅದರೊಳಗೆ ವರ್ಚುವಲ್ ಮಷೀನ್ ಆಗಿ ಓಡುವ ಉಬುಂಟು ತೆವಳದೆ ಇನ್ನೇನು ಮಾಡೀತು? 16 ಜಿಬಿಗೆ ಏರಿಸಿ, ಎಸ್‌ಎಸ್‌ಡಿ ಹಾಕಿಸಿ.

ವರ್ಚುವಲ್‌ಬಾಕ್ಸ್‌ನಲ್ಲಿ 64-ಬಿಟ್ ಆಯ್ಕೆಯೇ ಕಾಣುತ್ತಿಲ್ಲ ಎಂದಿದ್ದೀರಿ. ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ ಸಿಪಿಯು ಒತ್ತಿ ನೋಡಿ. ವರ್ಚುವಲೈಸೇಷನ್ ಎದುರು ‘ಡಿಸೇಬಲ್ಡ್’ ಎಂದಿದ್ದರೆ ಬಯಾಸ್‌ಗೆ ಹೋಗಿ ಇಂಟೆಲ್‌ನ ವಿಟಿ-ಎಕ್ಸ್ ಆನ್ ಮಾಡಿ. ವರ್ಚುವಲ್ ಮಷೀನ್‌ಗೆ 4 ಜಿಬಿ ರ‍್ಯಾಮ್, ಎರಡು ಕೋರ್ ಕೊಟ್ಟರೆ ಸಾಕು. ಮನೆಯ ನೆಟ್ ಕುಂಟುತ್ತಿದ್ದರೆ ಉಬುಂಟು ಫೈಲನ್ನು ಮಗಳು ಶಿವಮೊಗ್ಗಕ್ಕೆ ಹೋದಾಗ ಅಲ್ಲೇ ಇಳಿಸಿ ತರಲಿ. ಪೆನ್‌ಡ್ರೈವ್ ಎಕ್ಸ್‌ಫ್ಯಾಟ್ ಆಗಿರಬೇಕು. ಫ್ಯಾಟ್32 ಆದರೆ 4 ಜಿಬಿ ದಾಟಿದ ಫೈಲ್ ಅದರಲ್ಲಿ ಕೂರುವುದಿಲ್ಲ.

ಇನ್ನು ನಿಮ್ಮ ಹೊಸನಗರದ ಮಳೆಗಾಲ. 1964ರಿಂದ ಲಿಂಗನಮಕ್ಕಿ ಅಣೆಕಟ್ಟಿನ ನೀರು ನಾಡಿಗೆಲ್ಲ ಬೆಳಕು ಕೊಡುತ್ತಿದ್ದರೂ ತಂತಿ ಮೇಲೆ ಮರ ಬಿದ್ದರೆ ನಿಮ್ಮ ಮನೆಗೆ ಕತ್ತಲೆಯೇ! ವರ್ಚುವಲ್ ಮಷೀನ್ ಓಡುವಾಗ ಕರೆಂಟ್ ಹೋದರೆ ಅದರ ಡಿಸ್ಕ್ ಫೈಲ್ ಕೆಡಬಹುದು. ಹಾಗಾಗಿ ಯುಪಿಎಸ್‌ಗೆ ದುಡ್ಡು ಹಾಕಿ. ಅದು ಕೂಗಿದೊಡನೆ ಮಷೀನ್‌ನ ಕಿಟಕಿ ಮುಚ್ಚಿ, ‘ಸೇವ್ ದ ಮಷೀನ್ ಸ್ಟೇಟ್’ ಆರಿಸಿ. ಕರೆಂಟ್ ಬಂದ ಮೇಲೆ ಬಿಟ್ಟಲ್ಲಿಂದಲೇ ಮುಂದುವರಿಯಬಹುದು. ಗುಡುಗು ಕೇಳಿಸಿದರೆ ಮಾತ್ರ ಯುಪಿಎಸ್ ನಂಬಬೇಡಿ: ರೌಟರ್ ಸಮೇತ ಪ್ಲಗ್ ಕಿತ್ತಿಡಿ. ಸ್ನ್ಯಾಪ್‌ಶಾಟ್ ಇದೆಯಲ್ಲ ಎಂದು ಮಗಳು ವಾದಿಸಿಯಾಳು. ಅದೂ ಅದೇ ಡಿಸ್ಕ್‌ನಲ್ಲಿರುತ್ತದೆ. ವಾರಕ್ಕೊಮ್ಮೆ ಮಷೀನ್ ಆಫ್ ಮಾಡಿ, ಅದರ ಇಡೀ ಫೋಲ್ಡರನ್ನು ಹೊರಗಿನ ಹಾರ್ಡ್‌ಡಿಸ್ಕ್‌ಗೆ ನಕಲು ಮಾಡಿಡಲಿ.