ಬಂಜೆತನ: ತಪಾಸಣೆ ಇಬ್ಬರಿಗೂ ಏಕೆ?

ಗರ್ಭನಿರೋಧಕ ಬಳಸದೆ 12 ತಿಂಗಳು ಕೂಡಿಯೂ ಗರ್ಭ ನಿಲ್ಲದಿದ್ದರೆ ಅದು ಬಂಜೆತನ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ದೋಷವನ್ನು ಹೆಣ್ಣಿನ ತಲೆಗೆ ಕಟ್ಟುವ ರೂಢಿಗೆ ಶರೀರಶಾಸ್ತ್ರದ ಬೆಂಬಲವಿಲ್ಲ. ಅಂಡಾಶಯದಿಂದ ಹೊರಬಂದ ಅಂಡಾಣುವಿನ ಆಯಸ್ಸು ಹೆಚ್ಚೆಂದರೆ 24 ಗಂಟೆ; ಒಳಸೇರಿದ ವೀರ್ಯಾಣು 5 ದಿನದವರೆಗೂ ಬದುಕಬಲ್ಲದು. ಇವು ಅಂಡನಾಳದಲ್ಲಿ ಸೇರಿ, ಭ್ರೂಣ ಗರ್ಭಕೋಶದ ಒಳಪದರಕ್ಕೆ ಅಂಟಿಕೊಳ್ಳಬೇಕು. ತಡೆ ಎಲ್ಲಿಯೂ ಬರಬಹುದು, ಗಂಡಿನಲ್ಲೂ. ಹಾಗಾಗಿ ಸರಳವಾದ ವೀರ್ಯ ಪರೀಕ್ಷೆ ಆರಂಭದಲ್ಲೇ ಆಗಬೇಕು.

ಪುತ್ತೂರು, ಸುಳ್ಯ, ಕಡಬದ ಮನೆಗಳಲ್ಲಿ ಸಂತಾನಕ್ಕಾಗಿ ಕುಕ್ಕೆ ಸುಬ್ರಹ್ಮಣ್ಯದಲ್ಲಿ ಆಶ್ಲೇಷಾ ಬಲಿ, ಸರ್ಪಸಂಸ್ಕಾರ ಮಾಡಿಸುವುದುಂಟು. ಮತ್ತೆ ವೈದ್ಯರೇಕೆ ಎಂಬ ಆಕ್ಷೇಪವೂ ಉಂಟು. ಹರಕೆಗೂ ಚಿಕಿತ್ಸೆಗೂ ಜಗಳವಿಲ್ಲ. ಆದರೆ 35ರ ನಂತರ ಅಂಡಾಣುಗಳ ಸಂಖ್ಯೆ, ಗುಣಮಟ್ಟ ಬೇಗ ಕುಸಿಯುತ್ತವೆ. ಆ ವಯಸ್ಸಿನವರು 6 ತಿಂಗಳಿಗೇ ತಪಾಸಣೆಗೆ ಹೋಗಬೇಕು. ಚಿಕಿತ್ಸೆಯೆಂದರೆ ಪ್ರನಾಳ ಶಿಶು, ಖರ್ಚು ತಾಳದು ಎಂಬ ಮಾತು ಅರ್ಧಸತ್ಯ. ಅಂಡೋತ್ಪತ್ತಿಗೆ ಮಾತ್ರೆ, ಥೈರಾಯ್ಡ್ ಹತೋಟಿ, ಐಯುಐ (ವೀರ್ಯವನ್ನು ಗರ್ಭಕೋಶದೊಳಕ್ಕೆ ಸೇರಿಸುವುದು) ಮೊದಲ ಮೆಟ್ಟಿಲುಗಳು. ಎರಡೂ ಅಂಡನಾಳ ಮುಚ್ಚಿದ್ದರೆ ಐವಿಎಫ್ (ಪ್ರನಾಳ ಶಿಶು ವಿಧಾನ), ವೀರ್ಯಾಣು ತೀರಾ ಕಡಿಮೆಯಿದ್ದರೆ ಇಕ್ಸಿ (ಒಂದೇ ವೀರ್ಯಾಣುವನ್ನು ನೇರವಾಗಿ ಅಂಡಾಣುವಿಗೆ ಚುಚ್ಚುವುದು). ಯಾವುದೂ ಖಾತರಿಯಲ್ಲ, ಜಾಹೀರಾತು ಏನೇ ಹೇಳಲಿ. ಐವಿಎಫ್ ಹೊಸದೇನಲ್ಲ: ಮೊದಲ ಪ್ರನಾಳ ಶಿಶು ಲೂಯಿಸ್ ಬ್ರೌನ್ ಹುಟ್ಟಿದ್ದು 1978ರ ಜುಲೈ 25ರಂದು. ಈ ವಿಧಾನ ರೂಪಿಸಿದ ರಾಬರ್ಟ್ ಎಡ್ವರ್ಡ್ಸ್‌ಗೆ ನೊಬೆಲ್ ಬಂದದ್ದು 2010ರಲ್ಲಿ. ಭಾರತದ 2021ರ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯ್ದೆಯಡಿ ಇಂಥ ಚಿಕಿತ್ಸೆ ನೀಡುವ ಕ್ಲಿನಿಕ್‌ಗಳ ನೋಂದಣಿ ಕಡ್ಡಾಯ.