ಕಾಲೇಜಿನ ಜೀವಶಾಸ್ತ್ರ: ಹೊಸ ಹೆಸರು, ಹಳೆಯ ಪರಿಚಯ

ಕನ್ನಡದಲ್ಲಿ ಹೈಸ್ಕೂಲು ಮುಗಿಸಿ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಯಹೊರಟ ನಮ್ಮ ಕಾಸರಗೋಡಿನ ಮಕ್ಕಳನ್ನು ಮೊದಲು ಹೆದರಿಸುವುದು ವಿಷಯವಲ್ಲ, ಇಂಗ್ಲಿಷ್ ಹೆಸರುಗಳು. ದ್ಯುತಿಸಂಶ್ಲೇಷಣೆ ಅಲ್ಲಿ 'ಫೋಟೋಸಿಂಥೆಸಿಸ್'. ಗ್ರೀಕಿನಲ್ಲಿ ಫೋಟೋ ಎಂದರೆ ಬೆಳಕು, ಸಿಂಥೆಸಿಸ್ ಎಂದರೆ ಜೋಡಣೆ; ನಮ್ಮ ಪದದ ಅರ್ಥವೂ ಅದೇ. 'ಕ್ರೋಮೋಸೋಮ್' ನಮ್ಮ ವರ್ಣತಂತು. ಬಣ್ಣ ಹಾಕಿದರೆ ಚೆನ್ನಾಗಿ ಹೀರಿಕೊಳ್ಳುವುದರಿಂದ ಎರಡು ಹೆಸರಿನಲ್ಲೂ ಬಣ್ಣವಿದೆ. ಆದುದರಿಂದ ಹತ್ತನೆಯ ತರಗತಿಯ ಪುಸ್ತಕವನ್ನು ಮಾರಬೇಡಿ. ಪಕ್ಕದಲ್ಲಿಟ್ಟುಕೊಂಡು ಪದಕ್ಕೆ ಪದ ಬರೆದುಕೊಳ್ಳಿರಿ.

ನಮ್ಮ ದಾಸವಾಳ ಮಲಯಾಳದ ಸಹಪಾಠಿಗೆ ಚೆಂಬರತ್ತಿ. ಕಾಲೇಜಿನಲ್ಲಿ ಇಬ್ಬರಿಗೂ ಅದು 'ಹೈಬಿಸ್ಕಸ್ ರೋಸಾ-ಸೈನೆನ್ಸಿಸ್'. 1753ರಲ್ಲಿ ಲಿನೇಯಸ್ ಕೊಟ್ಟ ಈ ಹೆಸರು ಇಂಗ್ಲಿಷ್ ಮಾಧ್ಯಮದವರಿಗೂ ಹೊಸತೇ!

ಪ್ರಯೋಗಾಲಯದಲ್ಲಿ ಭಾಷೆಗಿಂತ ಕೈ ಮುಖ್ಯ. ಈರುಳ್ಳಿಯ ತೆಳುಪೊರೆಗೆ ಸಫ್ರಾನಿನ್ ಬಣ್ಣ ಹಾಕಿ, ಮುಚ್ಚುಗಾಜನ್ನು ಒಂದು ಬದಿಯಿಂದ ಓರೆಯಾಗಿ ಇಳಿಸಬೇಕು. ತಟ್ಟನೆ ಬಿಟ್ಟರೆ ಗಾಳಿಗುಳ್ಳೆ ಸಿಕ್ಕಿಬೀಳುತ್ತದೆ. ದಪ್ಪ ಕಪ್ಪು ಅಂಚಿನ ಆ ಗುಳ್ಳೆಯನ್ನೇ ಜೀವಕೋಶವೆಂದು ಬಿಡಿಸುವವರು ಪ್ರತಿ ವರ್ಷವೂ ಇರುತ್ತಾರೆ. ಪುಸ್ತಕದ ಚಿತ್ರವನ್ನಲ್ಲ, ಕಂಡದ್ದನ್ನೇ ಪೆನ್ಸಿಲಿನಲ್ಲಿ ಬಿಡಿಸಿರಿ.

ಹೆತ್ತವರು ಕೇಳುವುದುಂಟು: ಕಪ್ಪೆ ಕೊಯ್ಯಬೇಕೇ? ಪದವಿ ತರಗತಿಗಳಲ್ಲಿ ಪ್ರಾಣಿಗಳನ್ನು ಕೊಯ್ಯುವುದನ್ನು ನಿಲ್ಲಿಸುವಂತೆ ಯು.ಜಿ.ಸಿ. 2014ರಲ್ಲೇ ಸೂಚಿಸಿದೆ. ಹೂವನ್ನು ಮಾತ್ರ ಈಗಲೂ ಉದ್ದಕ್ಕೆ ಸೀಳಬೇಕು. ಅದಕ್ಕೆ ಹೊಸ ಬ್ಲೇಡೊಂದು ಸಾಕು.